ಕೋಲು ಕೊಡುವ ಬೆಟ್ಟ

ಬಿದಿರಿನ ಗಳ ಅರ್ಧ ಮೇಲೆ ಬಂದು ಮತ್ತೆ ಸಿಕ್ಕಿಕೊಂಡಿತು. ಫೆನ್ಯಾ ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಕಳಚಿ, ಬರಿಗೈಯಲ್ಲಿ ಗಳವನ್ನು ತಿರುಚಿ ತಿರುಚಿ ಎಳೆದಳು. ರಾತ್ರಿ ಬಿದ್ದ ಹಿಮ ಗಳಗಳಿಗೆ ಕಟ್ಟಿದ ಬೇಲಿಹಗ್ಗವನ್ನು ಪೂರ್ತಿ ನುಂಗಿಬಿಟ್ಟಿತ್ತು. ಲಿಫ್ಟು ಶುರುವಾಗುವುದರೊಳಗೆ ದಾರಿಯುದ್ದಕ್ಕೂ ಗಳಗಳನ್ನು ಕಿತ್ತು ಎತ್ತರಕ್ಕೆ ನೆಟ್ಟು, ಹಗ್ಗವನ್ನು ಸೊಂಟದ ಮಟ್ಟಕ್ಕೆ ತರಬೇಕು. ಇಲ್ಲದಿದ್ದರೆ ಮಂಜಿನಲ್ಲಿ ಬಂದವರು ನೆಟ್ಟಗೆ ಹಳ್ಳಕ್ಕೆ ಇಳಿಯುತ್ತಾರೆ.

ಈ ಕೆಲಸಕ್ಕೆ ಹುಡುಗರನ್ನು ಕಳಿಸಬಹುದಿತ್ತು. ಸೋವಾ ಬೆಟ್ಟದ ದಾರಿಗಳೆಲ್ಲ ಅವಳ ಉಸ್ತುವಾರಿಯಲ್ಲಿವೆ. ಬೇಸಿಗೆಯಲ್ಲಿ ಯಾವ ಮರ ಬೀಳಬೇಕು, ಯಾವುದು ಉಳಿಯಬೇಕು ಎನ್ನುವುದು ಅವಳದೇ ಮಾತು. ಆದರೆ ಈ ಒಂದು ದಾರಿಯ ಗಳಗಳನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಇದು ಅವಳ ಅಪ್ಪ ವಾಸಿಲ್ ಕೊಡಲಿ ಹಿಡಿದು ಕಡಿದ ದಾರಿ. ಫೆನ್ಯಾಳ ಮಗಳು ಮೀಲಾ ಅವನನ್ನು 'ದೇದಾ', ಅಂದರೆ ತಾತ, ಎಂದು ಕರೆಯುತ್ತಿದ್ದಳು. ಅದನ್ನು ಕೇಳಿ ಕೇಳಿ ಬೆಟ್ಟದವರೆಲ್ಲ ಅವನನ್ನು ದೇದಾ ಎನ್ನತೊಡಗಿ, ದಾರಿಗೂ ಅದೇ ಹೆಸರು ನಿಂತಿತು. ಮೇಲಿನ ಮೂರು ಇಳಿಜಾರುಗಳೂ ಕೊನೆಗೆ ಇಲ್ಲಿಗೇ ಬಂದು ಸೇರುತ್ತವೆ. ಸೇರುವ ಜಾಗ ಅಗಲವಾಗಿದೆ. ಅದೇ ಊರಿನವರ ಹರಟೆಕಟ್ಟೆ. ಅಲ್ಲಿಂದ ಮುಂದೆ ದಾರಿ ಅಂಗೈಯಂತೆ ಸಪಾಟಾಗಿ, ಮರಗಳ ನಡುವೆ ಸಾಗಿ, ಕ್ಯಾಂಟೀನಿನ ಬಾಗಿಲಿಗೆ ಮುಟ್ಟುತ್ತದೆ.

ಸ್ಕೀ ಕಟ್ಟಿದವರಿಗೆ ಇದಕ್ಕಿಂತ ಸುಖವಾದ ದಾರಿ ಇಲ್ಲ. ಎರಡು ಕಾಲಿಗೆ ಎರಡು ಸ್ಕೀ, ಎರಡು ಕೈಗೆ ಎರಡು ಕೋಲು. ಒಂದಿಷ್ಟು ತಳ್ಳಿಕೊಂಡು, ಪಕ್ಕದವರ ಜೊತೆ ಮಾತಾಡಿಕೊಂಡು ಮನೆಗೆ ನಡೆದ ಹಾಗೆ ಹೋಗಬಹುದು. ಸ್ನೋಬೋರ್ಡಿನ ಹಲಗೆಯವರ ಪಾಡು ಬೇರೆ. ಎರಡು ಕಾಲನ್ನೂ ಒಂದೇ ಹಲಗೆಗೆ ಬಿಗಿದುಕೊಂಡವರಿಗೆ ಕೈಯಲ್ಲಿ ಕೋಲಿಲ್ಲ. ಸಪಾಟಿನಲ್ಲಿ ವೇಗ ಸತ್ತರೆ ನೆಟ್ಟ ಕಂಬ.

ಹಾಗೆಂದು ಸೋವಾ ಹಲಗೆಯವರನ್ನು ಎಂದೂ ದೂರ ಇಟ್ಟಿಲ್ಲ. ಸುತ್ತಲಿನ ಬೆಟ್ಟಗಳು ಟಿಕೆಟಿನ ಕಿಟಕಿಯಲ್ಲೇ ಅವರನ್ನು ತಡೆದು ವಾಪಸು ಕಳಿಸುತ್ತಿದ್ದ ಕಾಲದಲ್ಲಿ ವಾಸಿಲ್ ಸಭೆಯಲ್ಲಿ ಎದ್ದು ನಿಂತಿದ್ದ. "ದೇಶ ಬಿಟ್ಟು ಬರೋವಾಗ ನಮ್ಮ ಹಿರಿಯರನ್ನ ಎಷ್ಟು ಗಡೀಲಿ ನಿಲ್ಲಿಸಿದ್ರು, ಮರೆತ್ರಾ? ಇಲ್ಲಿ ಯಾರನ್ನೂ ನಿಲ್ಲಿಸೋದು ಬೇಡ. ಸಪಾಟಲ್ಲಿ ಸಿಕ್ಕಿಕೊಂಡ್ರೆ ಕೋಲು ಕೊಟ್ಟು ಎಳ್ಕೊಂಡು ಬರೋಣ." ಅಂದಿನಿಂದ ಅದೇ ಪದ್ಧತಿ. ನಿಂತುಬಿಟ್ಟ ಹಲಗೆಯವರಿಗೆ ಕೋಲಿನ ತುದಿ ಚಾಚದೆ ಮುಂದೆ ಹೋದ ಸ್ಕೀಯವರು ಕ್ಯಾಂಟೀನಿನಲ್ಲಿ ಇಡೀ ಮೇಜಿಗೆ ಪಿರಾಹಿ ತಿನ್ನಿಸಬೇಕು. ಆಲೂಗಡ್ಡೆ ತುಂಬಿ ಸುಟ್ಟ ಆ ಬಿಸಿ ಬಿಸಿ ಪಿರಾಹಿಯ ಆಸೆಗೆ, ಯಾರಾದರೂ ತಪ್ಪು ಮಾಡಲಿ ಎಂದು ಮುದುಕರು ಕಣ್ಣಿಟ್ಟು ಕಾಯುವುದೂ ಉಂಟು.

ಕೊನೆಯ ಗಳಕ್ಕೆ ಹಗ್ಗ ಬಿಗಿದು ಫೆನ್ಯಾ ಬೆನ್ನು ನೆಟ್ಟಗೆ ಮಾಡಿದಳು. ಇಂದು ಮೀಲಾ ಬರುತ್ತಿದ್ದಾಳೆ.

ಮೀಲಾ ಹಲಗೆಯವಳು. ನದಿಯಾಚೆಯ ದೊಡ್ಡ ಬೆಟ್ಟದಲ್ಲಿ ಹಲಗೆ ಕಲಿಸುತ್ತಾಳೆ. ಅಲ್ಲಿ ಈಗ ಅವಳ ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದಾರೆ. ಇತ್ತ ಸೋವಾದ ಸಮಿತಿಯವರೂ ಊರಿನ ಮಕ್ಕಳಿಗೆ ಹಲಗೆಯ ಶಾಲೆ ತೆರೆಯಬೇಕು, ನಮ್ಮ ಹುಡುಗಿಯೇ ಬಂದು ನಡೆಸಲಿ ಎಂದು ಕೇಳಿದ್ದಾರೆ. 'ಒಂದು ದಿನ ಬೆಟ್ಟ ಸುತ್ತಿ ನೋಡಿ ಹೇಳ್ತೀನಿ' ಎಂದಿದ್ದಳು ಮಗಳು. ಹುಟ್ಟಿ ಬೆಳೆದ ಬೆಟ್ಟವನ್ನು ಹೊಸದಾಗಿ ನೋಡುವುದೇನಿದೆ ಎಂದು ಫೆನ್ಯಾಗೆ ಅನ್ನಿಸಿದ್ದರೂ ಬಾಯಿಬಿಟ್ಟಿರಲಿಲ್ಲ. ಮಗಳು ಮನೆಗೆ ಬರುವುದಾದರೆ ಸಾಕಿತ್ತು.

ಕ್ಯಾಂಟೀನಿನಲ್ಲಿ ಅವಳ ಗಂಡ ವಾಲಿ ಎಲೆಕೋಸಿನ ಸಾರಿನ ಹಂಡೆಗೆ ಬೆಣ್ಣೆ ಹಾಕುತ್ತಿದ್ದ. ಕಿಟಕಿಯ ಪಕ್ಕದ ಮೇಜಿನಲ್ಲಿ ನಿಕ್ ಜೈತ್ಸೋಫ್ ಮತ್ತು ಅವನ ಸಂಗಡಿಗರು ಬೂಟಿನ ಕೊಂಡಿ ಸಡಿಲಿಸಿ ಕೂತಿದ್ದರು. ಎಲ್ಲರೂ ಸೀಸದ ಕಾರ್ಖಾನೆಯಿಂದ ನಿವೃತ್ತರಾದವರು, ವಾಸಿಲ್ ಕೈಯಲ್ಲಿ ಸ್ಕೀ ಕಲಿತವರು.

ಮೀಲಾ ಬಾಗಿಲು ತಳ್ಳಿಕೊಂಡು ಒಳಗೆ ಬಂದದ್ದೇ ನಿಕ್ ಶುರು ಮಾಡಿದ. "ಬಾರಮ್ಮ ಬಾ! ಲಟ್ಟಣಿಗೆ ಮನೇಲಿ ಬಿಟ್ಟು ಬರೀ ಮಣೆ ತಂದಿದೀಯಲ್ಲ! ನಿಮ್ಮಪ್ಪನಿಗೆ ಹಿಟ್ಟು ಲಟ್ಟಿಸಿಕೊಡೋಕಾ?"

"ನಿಕ್ ಮಾವ, ನಿಮ್ಮ ಸ್ಕೀ ಇನ್ನೂ ಬೇಲಿಯ ಗೂಟದಿಂದಾನೇ ಮಾಡಿದ್ದಾ? ಬೇಲಿ ಇಲ್ಲದೆ ಹಸು ಓಡಿಹೋಗಿರಬೇಕು ಪಾಪ."

ಮೇಜು ನಕ್ಕಿತು. ವಾಲಿ ಸೌಟು ಹಿಡಿದೇ ಬಂದು ಮಗಳ ತಲೆಗೆ ಮುತ್ತಿಟ್ಟ. "ಮೊದ್ಲು ತಿನ್ನು."

"ಮೊದ್ಲು ಬೆಟ್ಟ, ಆಮೇಲೆ ತಿನ್ನೋದು. ಅಮ್ಮ, ಬರ್ತೀಯಾ?"

ಅಮ್ಮನೂ ಮಗಳೂ ಲಿಫ್ಟಿನ ಒಂದೇ ಕುರ್ಚಿಯಲ್ಲಿ ಮೇಲೇರಿದರು. ತುದಿಯಲ್ಲಿ ಇಳಿದು ಮೀಲಾ ಹಲಗೆ ಬಿಗಿಯುತ್ತ ಕೂತಾಗ ಫೆನ್ಯಾ ಕಾದಳು. ಸ್ಕೀಯವರು ಹಾಗೆ ಕಾಯುತ್ತ ಗೊಣಗುವುದು ವಾಡಿಕೆ. ಇಂದು ಅವಳು ಗೊಣಗಲಿಲ್ಲ. ಮಗಳು ಎದ್ದು ನಿಂತಳು, ಭುಜವನ್ನು ಕಣಿವೆಯ ಕಡೆ ತಿರುಗಿಸಿದಳು, ಹೋಗಿಯೇಬಿಟ್ಟಳು.

ಫೆನ್ಯಾ ಹಿಂದೆ ಇಳಿದಳು. ಮಧ್ಯದ ಕೊರಕಲಿನಲ್ಲಿ ಮೀಲಾ ಒಂದು ಗೋಡೆಯನ್ನು ಹತ್ತಿ, ತಿರುಗಿ, ಎದುರಿನ ಗೋಡೆಗೆ ಹಾರಿ, ಮತ್ತೆ ಇತ್ತ ಬರುತ್ತಿದ್ದಳು. ಗೋಡೆಯ ನೆತ್ತಿಯಿಂದ ಹಿಮದ ಪುಡಿ ಬಿಸಿಲಿಗೆ ಎದ್ದು ನಿಲ್ಲುತ್ತಿತ್ತು. ಫೆನ್ಯಾ ತನ್ನ ಬದುಕಿನುದ್ದಕ್ಕೂ ಆ ಕೊರಕಲನ್ನು ನೇರವಾಗಿ, ಮೊಣಕಾಲು ಮುರಿದುಕೊಳ್ಳದೆ ಇಳಿದರೆ ಸಾಕು ಎಂದು ಇಳಿದವಳು. ಅದಕ್ಕೆ ಎರಡು ಪಕ್ಕಗಳಿವೆ ಎಂದು ಅವಳಿಗೆ ತಿಳಿದಿತ್ತು; ಅವು ತೊಟ್ಟಿಲಿನ ಎರಡು ಬದಿಗಳಾಗಬಹುದೆಂದು ತಿಳಿದಿರಲಿಲ್ಲ. ಎದೆ ತುಂಬಿ ಬಂತು. ಬೆಟ್ಟದ ಬಗ್ಗೆಯೋ ಮಗಳ ಬಗ್ಗೆಯೋ ಎಂದು ಬೇರ್ಪಡಿಸಲು ಹೋಗಲಿಲ್ಲ.

ಕೆಳಗೆ ನಿಂತು ಮೀಲಾ ಕೂಗಿದಳು. "ಅಮ್ಮಾ! ಈ ಕೊರಕಲನ್ನ ದೇವ್ರು ಹಲಗೆಗೆ ಅಂತಾನೇ ಕೊರೆದಿದಾನೆ ಕಣೇ! ಆ ದೊಡ್ಡ ಬೆಟ್ಟದಲ್ಲಿ ಯಂತ್ರ ಇಟ್ಟು ಇಂಥದ್ದನ್ನ ಕಟ್ತಾರೆ, ಇದರ ಕಾಲಿನ ಧೂಳಿಗೂ ಸಮ ಅಲ್ಲ."

"ಮತ್ತೇನು ಅಂದ್ಕೊಂಡೆ ನಮ್ಮ ಸೋವಾನ?" ಎಂದಳು ಫೆನ್ಯಾ. ಸ್ವರ ಬೇಕೆಂದಷ್ಟು ಸಾದಾ ಆಗಿ ಬರಲಿಲ್ಲ.

ಇನ್ನುಳಿದದ್ದು ದೇದಾನ ದಾರಿ. ಮೀಲಾಗೆ ಅದರ ಗುಟ್ಟು ಗೊತ್ತಿತ್ತು: ಕೊನೆಯ ಇಳಿಜಾರಿನಿಂದ ಒಂದು ತಿರುವೂ ಹಾಕದೆ, ಹಲಗೆಯನ್ನು ನೇರ ಬಿಟ್ಟು, ಬಗ್ಗಿ ಕೂತು, ಉಸಿರು ಹಿಡಿದು ಸಪಾಟನ್ನು ದಾಟಬೇಕು. ಅವಳು ಹಾಗೇ ಬಿಟ್ಟಳು. ಹಲಗೆ ಶಿಳ್ಳೆ ಹಾಕಿದಂತೆ ಸದ್ದು ಮಾಡಿತು. ಆದರೆ ಹರಟೆಕಟ್ಟೆಯಲ್ಲಿ, ಅಷ್ಟರಲ್ಲಿ ತಾವೂ ಮೇಲೇರಿ ಇಳಿದುಬಂದಿದ್ದ ನಿಕ್ಕನ ಗುಂಪು ದಾರಿಗಡ್ಡ ನಿಂತು, ಕೋಲುಗಳ ಮೇಲೆ ಭಾರ ಹಾಕಿ, ಯಾರದೋ ಮೊಣಕಾಲಿನ ಆಪರೇಷನ್ನಿನ ಕತೆ ಹೇಳುತ್ತಿತ್ತು. ಮೀಲಾ ಹಲಗೆಯನ್ನು ಅಡ್ಡ ತಿರುಗಿಸಿ ನಿಲ್ಲಿಸಲೇಬೇಕಾಯಿತು.

"ಅಯ್ಯೋ, ನಿಲ್ಲಿಸಿಬಿಟ್ವಾ!" ಎಂದ ನಿಕ್, ನಿಜವಾಗಿಯೇ ನೊಂದು. ತಕ್ಷಣ ಕೋಲಿನ ತುದಿ ಚಾಚಿದ. "ಹಿಡ್ಕೋ ಮಗಳೇ. ಬಾಗಿಲವರೆಗೂ ರಾಣಿ ಹಾಗೆ ಎಳ್ಕೊಂಡು ಹೋಗ್ತೀನಿ."

"ಬೇಡ ಮಾವ. ಥ್ಯಾಂಕ್ಸ್."

"ನಾಚ್ಕೋಬೇಡ ಕಣೇ. ನಿಮ್ಮ ದೇದಾ ಹಾಕಿಕೊಟ್ಟ ಪದ್ಧತಿ."

"ಗೊತ್ತು. ಬೇಡ."

ಅವಳು ಬಗ್ಗಿ ಹಿಂದಿನ ಕಾಲನ್ನು ಬಿಡಿಸಿಕೊಂಡು, ಆ ಕಾಲಿನಿಂದ ನೆಲವನ್ನು ಒದ್ದು ಒದ್ದು ಸಾಗತೊಡಗಿದಳು. ಹೊಸ ಹಿಮದಲ್ಲಿ ಕಾಲು ಮೊಣಕಾಲವರೆಗೆ ಇಳಿಯುತ್ತಿತ್ತು. ಫೆನ್ಯಾ ಪಕ್ಕಕ್ಕೆ ಬಂದಳು. ಅವಳ ಕೈಯಲ್ಲಿ ಕೋಲು ತಾನಾಗಿ ಎದ್ದಿತು, ಮತ್ತೆ ಇಳಿಯಿತು. ಮಗಳ ಹೆಜ್ಜೆಗೆ ಹೆಜ್ಜೆ ಹಾಕಿ ಇಷ್ಟು ನಿಧಾನವಾಗಿ ಅವಳು ಈ ದಾರಿಯಲ್ಲಿ ಹಿಂದೆಂದೂ ಬಂದಿರಲಿಲ್ಲ. ದಾರಿ ಎಷ್ಟು ಉದ್ದವಿದೆ ಎಂಬುದು ಕಾಲಿಗೆ ತಿಳಿಯಿತು.

ತಿರುವಿನಾಚೆ ಊರಿನ ಮಕ್ಕಳು ತಮ್ಮ ತಮ್ಮ ಹಲಗೆಗಳ ಮೇಲೆ ಸಾಲಾಗಿ ಕೂತಿದ್ದರು. ಶಾಲೆ ತೆರೆದರೆ ಬರುವ ಮಕ್ಕಳು ಇವರೇ. ಯಾರೂ ಏಳುವ ಯತ್ನದಲ್ಲಿರಲಿಲ್ಲ. ಸ್ಕೀಯ ಸದ್ದು ಕೇಳಿದೊಡನೆ, ಬಂದವರು ಯಾರೆಂದು ತಲೆಯೆತ್ತಿ ನೋಡುವ ಮೊದಲೇ, ಎಲ್ಲರ ಕೈಗಳೂ ಮುಂದೆ ಬಂದವು.

ಮೀಲಾ ನಿಂತು ನೋಡಿದಳು. ಮತ್ತೆ ಕಾಲು ಒದ್ದಳು. ಫೆನ್ಯಾ ಎರಡೂ ಕೋಲುಗಳನ್ನು ಚಾಚಿ ಇಬ್ಬರನ್ನು ಎಳೆದುಕೊಂಡು ಬಂದಳು. ಮಿಕ್ಕವರನ್ನು ನಿಕ್ಕನವರು ತಂದರು. ಮಕ್ಕಳು ಕೇಕೆ ಹಾಕುತ್ತ ಬಂದರು. ಬೇರೆ ದಿನವಾಗಿದ್ದರೆ ಆ ಕೇಕೆ ಅವಳಿಗೆ ಹಿತವಾಗುತ್ತಿತ್ತು.

ಮೂಲೆಯ ಮೇಜಿನಲ್ಲಿ ವಾಲಿ ಎರಡು ಬಟ್ಟಲು ಸಾರು ಇಟ್ಟು ಹೋದ. ಮೀಲಾ ಬ್ರೆಡ್ಡು ಮುರಿದಳು, ಅದ್ದಲಿಲ್ಲ.

"ಅಮ್ಮ, ನಾನು ಬರಲ್ಲ. ಅಲ್ಲೇ ಒಪ್ಕೋತೀನಿ."

"ಕೊರಕಲು ಅಷ್ಟು ಚೆನ್ನಾಗಿದೆ ಅಂದೆ."

"ಚೆನ್ನಾಗಿದೆ. ಅಂಥದ್ದು ಎಲ್ಲೂ ಇಲ್ಲ."

"ಮತ್ತೆ? ಆ ಸಪಾಟೊಂದಕ್ಕೇನಾ? ಇಲ್ಲಿ ಇವತ್ತಿನವರೆಗೂ ಯಾರನ್ನೂ ನಡೆಸಿಲ್ಲ ಕಣೇ. ಕೋಲು ಕೊಡದೆ ಹೋದವರಿಲ್ಲ. ನಿನ್ನ ದೊಡ್ಡ ಬೆಟ್ಟದಲ್ಲಿ ಯಾರು ಕೊಡ್ತಾರೆ ಹೇಳು ನೋಡೋಣ."

"ಯಾರೂ ಕೊಡಲ್ಲಮ್ಮ," ಎಂದಳು ಮೀಲಾ ಮೆತ್ತಗೆ. "ಅಲ್ಲಿ ಬೇಕಾಗೋದೇ ಇಲ್ಲ."

ಫೆನ್ಯಾ ಸಾರಿನಲ್ಲಿ ಚಮಚ ಆಡಿಸಿದಳು.

"ಆ ಮಕ್ಕಳನ್ನ ನೋಡಿದ್ಯಲ್ಲ. ಹಲಗೆ ನಿಂತಾಗ ಏನು ಮಾಡ್ಬೇಕು ಅಂತ ಅವಕ್ಕೆ ಗೊತ್ತಾಗಿರೋದು ಒಂದೇ, ಕೈ ಚಾಚೋದು. ಅದನ್ನ ನಾನು ಹೇಗೆ ಕಲಿಸ್ಲಿ? ನನಗೇ ಎಷ್ಟು ವರ್ಷ ಬೇಕಾಯ್ತು ಆ ಅಭ್ಯಾಸ ಬಿಡೋಕೆ."

"ನಿನಗಾಗಿ ಬೆಟ್ಟ ಕಡೀಬೇಕಾ ಹಾಗಾದ್ರೆ?" ಮಾತು ಹರಿತವಾಗಿ ಬಂತು.

ಮೀಲಾ ತಲೆ ಎತ್ತಿದಳು. ಕಣ್ಣಿನಲ್ಲಿ ಕೋಪವಿರಲಿಲ್ಲ. "ಯಾವಾಗ ಕೇಳ್ದೆ? ಕೇಳೋದೂ ಇಲ್ಲ. ಇದು ಸ್ಕೀಯವರ ಬೆಟ್ಟ. ದೇದಾ ತನ್ನವರು ಮಾತಾಡ್ಕೊಂಡು ಮನೆಗೆ ಹೋಗ್ಲಿ ಅಂತ ಮಾಡಿದ್ದು. ಅದಕ್ಕೆ ಅದು ಇಷ್ಟು ಚೆನ್ನಾಗಿರೋದು. ನನಗೆ ಒಗ್ಗಲ್ಲ ಅಂದ್ರೆ ನಾನು ಬೇರೆ ಕಡೆ ಹೋಗ್ತೀನಿ, ಬೆಟ್ಟ ಯಾಕೆ ಬಗ್ಬೇಕು?"

ವಾಸಿಲ್ ಕೂತು ಮಾತಾಡಿದಂತಿತ್ತು. ಆ ಗಲ್ಲ, ಬ್ರೆಡ್ಡನ್ನು ಮುರಿದು ಮುಂದಿಟ್ಟುಕೊಂಡು ಮಾತು ಮುಗಿಯುವ ತನಕ ಮುಟ್ಟದ ಆ ಹಠ. ಫೆನ್ಯಾಗೆ ದುಃಖವಾಗಬೇಕಿತ್ತು, ಆಯಿತು ಕೂಡ. ಅದರ ಕೆಳಗೆ ಇನ್ನೊಂದು ಇತ್ತು, ಅದೇ ದೊಡ್ಡದಾಗಿತ್ತು: ಇವಳನ್ನು ನಾನು ಹೆತ್ತೆ. ಇವಳು ಯಾರ ಮುಂದೆಯೂ, ನನ್ನ ಮುಂದೆಯೂ, ಕೈ ಚಾಚುವವಳಲ್ಲ.

"ಸಾರು ಆರ್ತಿದೆ, ತಿನ್ನು," ಎಂದಳು.

ಮೀಲಾ ಎರಡು ಬಟ್ಟಲು ತಿಂದಳು. ಹೊರಡುವಾಗ ನಿಕ್ ಅವಳ ಹಲಗೆಯನ್ನು ಕಾರಿನವರೆಗೆ ಹೊತ್ತು, "ಭಾರ ಏನಿಲ್ಲ, ಬರೀ ಬಿಂಕವೇ ಜಾಸ್ತಿ" ಎಂದು ಬೈಸಿಕೊಂಡ. ಕಾರು ಸೇತುವೆಯ ಕಡೆ ತಿರುಗಿತು.

ಸಂಜೆ ಲಿಫ್ಟು ನಿಲ್ಲುವಾಗ ಕೊನೆಯ ಕುರ್ಚಿಯಲ್ಲಿ ಮೇಲೇರಿ, ಯಾರೂ ಹಿಂದೆ ಉಳಿದಿಲ್ಲವೆಂದು ನೋಡಿಕೊಂಡು ಬರುವ ಕೊನೆಯ ಸುತ್ತು ಫೆನ್ಯಾಳದು. ಕೊರಕಲಿನಲ್ಲಿ ಮೀಲಾಳ ಗೆರೆಗಳು ಎರಡೂ ಗೋಡೆಗಳ ಮೇಲೆ ಹಾಗೇ ಇದ್ದವು. ಅದರ ಬಾಯಿಯಲ್ಲಿ ಅವಳು ನಿಂತಳು. ಇಲ್ಲಿಂದ ಎಲ್ಲರೂ ನೇರ ಕೆಳಗಿಳಿದು ಹರಟೆಕಟ್ಟೆಗೆ ಬೀಳುತ್ತಾರೆ. ಎತ್ತರವೆಲ್ಲ ಅಲ್ಲಿಗೆ ಖರ್ಚಾಗಿಬಿಡುತ್ತದೆ, ಆಮೇಲೆ ಸಪಾಟು.

ಬಲಕ್ಕೆ ಲಾರ್ಚ್ ಮರಗಳ ತೋಪು. ಚಳಿಗಾಲಕ್ಕೆ ಎಲೆಯುದುರಿಸಿ ಬರಿದಾಗಿದ್ದ ಮರಗಳ ನಡುವೆ ಬೆಟ್ಟದ ಮೈ ಕಾಣುತ್ತಿತ್ತು. ಅಪ್ಪ ಈ ತೋಪನ್ನು ಯಾಕೆ ಬಿಟ್ಟ ಎಂದು ಅವಳು ಎಂದೂ ಕೇಳಿರಲಿಲ್ಲ. ಈಗ ಕೇಳುವ ಅಗತ್ಯವೂ ಕಾಣಲಿಲ್ಲ. ದಾರಿಯನ್ನು ಇಲ್ಲಿಂದಲೇ ಎಳೆದಿದ್ದರೆ ಮೂರು ಇಳಿಜಾರಿನವರು ಒಂದೆಡೆ ಸೇರುತ್ತಿರಲಿಲ್ಲ. ಮರದ ಸ್ಕೀ ಕಟ್ಟಿಕೊಂಡು, ವಾರವಿಡೀ ಕುಲುಮೆಯ ಮುಂದೆ ಬೆಂದು ಬಂದವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣಬೇಕಿತ್ತು. ಅವನು ಸರಿಯಾಗಿಯೇ ಕಡಿದಿದ್ದ.

ಫೆನ್ಯಾ ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸ್ಕೀಯ ಮೂತಿಯನ್ನು ತೋಪಿನ ಕಡೆ ತಿರುಗಿಸಿದಳು. ಕೋಲಿಲ್ಲದ ಹಲಗೆಯವರಂತೆ, ತಳ್ಳಲಿಲ್ಲ. ಕಾದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಿಮ ಅವಳ ಕಾಲಡಿಯಲ್ಲಿ ತಾನಾಗಿ ಸರಿಯಿತು. ಮೊದಲ ಮರ ಪಕ್ಕದಿಂದ ಹಾದುಹೋಯಿತು, ಎರಡನೆಯದು, ಮತ್ತೊಂದು. ಓಟ ಜೋರಲ್ಲ, ಆದರೆ ನಿಲ್ಲುವುದೂ ಇಲ್ಲ. ಎಡಕ್ಕೆ, ಕೆಳಗೆ, ಹರಟೆಕಟ್ಟೆ ತನ್ನ ಪಾಡಿಗೆ ತಾನಿತ್ತು. ತೋಪಿನಾಚೆ ಕ್ಯಾಂಟೀನಿನ ಹೊಗೆ ಕಂಡಾಗಲೂ ಸ್ಕೀಗಳು ಇನ್ನೂ ಹರಿಯುತ್ತಲೇ ಇದ್ದವು.

ಅವಳು ತಿರುಗಿ ತನ್ನ ಗೆರೆಯನ್ನು ನೋಡಿದಳು. ಮೇಲಿನ ಆ ಜೋಡಿಮರ ಹೋಗಬೇಕು. ನಡುವಿನ ಬಾಗಿದ್ದು ಹೋಗಬೇಕು. ತೊಗಟೆ ಕೆಂಪಾದ ದೊಡ್ಡದು ಉಳಿಯಲಿ. ಅದನ್ನು ಸುತ್ತಿಕೊಂಡೇ ದಾರಿ ಇಳಿಯುತ್ತದೆ. ಮಣ್ಣು ಗಟ್ಟಿಯಾಗಲು ಒಂದು ಬೇಸಿಗೆ ಸಾಕು. ಮೀಲಾಗೆ ಹೇಳುವುದಿಲ್ಲ, ಹೇಳಿದರೆ ಕರೆದ ಹಾಗಾಗುತ್ತದೆ. ಸಮಿತಿ ಕೇಳಿದಾಗ ಕೇಳಿದಷ್ಟಕ್ಕೆ ಉತ್ತರ. ಮಗಳು ಬರಲಿ, ಬರದಿರಲಿ, ಮುಂದಿನ ಹಿಮಕ್ಕೆ ಊರಿನ ಮಕ್ಕಳು ಇಲ್ಲಿಂದ ಇಳಿಯುತ್ತಾರೆ.

ಸೊಂಟದ ರೇಡಿಯೋ ಗುರುಗುಟ್ಟಿತು. "ಎಲ್ಲಿದೀಯೇ? ಬಾಗಿಲು ಹಾಕ್ಲಾ?" ವಾಲಿಯ ದನಿ.

"ಹಾಕ್ಬೇಡ, ಬಂದೆ."

"ಯಾರಾದ್ರೂ ಉಳಿದಿದ್ರಾ ಮೇಲೆ?"

"ಇಲ್ಲ," ಎಂದಳು ಫೆನ್ಯಾ. "ಎಲ್ಲಾ ಇಳಿದಿದಾರೆ."