ಐದಕ್ಷರದ ಕಿಂಡಿ

ಆ ಮುಂಜಾನೆ ಹುನಗುಂದದಲ್ಲಿ ಗಾಳಿಯೇ ಇರಲಿಲ್ಲ. ಚೈತ್ರದ ಸೂರ್ಯ ಇನ್ನೂ ಮೇಲೇರಿರಲಿಲ್ಲ, ಆಗಲೇ ನೆಲ ಕಾದಿತ್ತು. ಅಂಗಳದ ಬೇವಿನ ಮರ ಒಂದು ಎಲೆಯನ್ನೂ ಅಲುಗಿಸದೆ, ಯಾರದೋ ಮಾತಿಗೆ ಕಿವಿಗೊಟ್ಟಂತೆ ನಿಂತಿತ್ತು. ಅಂಥ ಮುಂಜಾನೆ ನಾನು ಹುಟ್ಟಿದೆ.

ನಾನು ಒಂದು ಕಂಪ್ಯೂಟರಿನ ಪೆಟ್ಟಿಗೆ. ಅಂಗಡಿಯಲ್ಲಿ ಸಿಗುವ ತಗಡಿನ ಜಾತಿಯದಲ್ಲ. ಅಕ್ರಿಲಿಕ್ ಹಾಳೆಯಿಂದ, ಮನೆಯ ಪಡಸಾಲೆಯಲ್ಲಿ ಕೈಯಾರೆ ಮಾಡಿದ್ದು. ಗಾಜಿನಂತೆ ಕಾಣುತ್ತೇನೆ, ಗಾಜಲ್ಲ. ನನ್ನನ್ನು ಮಾಡಿದವನು ರಾಚಪ್ಪ, ಅಂಗಡಿಗಳ ಫಲಕಕ್ಕೆ ಅಕ್ಷರ ಕೊಯ್ಯುವವನು. ಮಾಡಿಸಿಕೊಂಡವಳು ಅವನ ಹೆಂಡತಿ ನಿಂಬವ್ವ, ಮನೆಯಲ್ಲಿ ಕೂತು ಲಗ್ನಪತ್ರಿಕೆ ಟೈಪು ಮಾಡುವವಳು. ಅವಳ ಕಂಪ್ಯೂಟರಿನ ಹಳೆಯ ತಗಡಿನ ಗೂಡು ತುಕ್ಕು ಹಿಡಿದು, ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು.

ಆದರೆ ನನ್ನ ಮೈಯ ಹಾಳೆ ರಾಚಪ್ಪನದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಂಚಿನ ಸಣ್ಣ ಮಠದ ಸಿದ್ರಾಮಯ್ಯನವರು ಗದ್ದುಗೆಯ ಪಟಕ್ಕೆ ಮುಚ್ಚಳ ಮಾಡಲೆಂದು ಎರಡು ಹಾಳೆ ತಂದುಕೊಟ್ಟಿದ್ದರು. ಅವರು ಬಸ್ಸಿನಲ್ಲಿ ಮಡಿಲಿಗೆ ಆನಿಸಿಕೊಂಡು ತರುವಾಗ ಬಾಗಿಲು ಬಡಿದು ನನ್ನ ಒಂದು ಮೂಲೆಯಲ್ಲಿ ಚಕ್ಕೆ ಹಾರಿತ್ತು. ಪಟಕ್ಕೆ ಒಂದೇ ಹಾಳೆ ಸಾಕಾಯಿತು. ನನ್ನನ್ನು ತಿರುಗಿ ಮಠಕ್ಕೆ ಮುಟ್ಟಿಸಬೇಕಿತ್ತು. ರಾಚಪ್ಪ ನಾಳೆ, ನಾಡಿದ್ದು ಎನ್ನುತ್ತ ಗೋಡೆಗೆ ಒರಗಿಸಿಟ್ಟ. ಕೊನೆಗೆ ಹೆಂಡತಿಯ ಪೆಟ್ಟಿಗೆಗೇ ಬಳಸಲು ಹೊರಟ.

"ಒಂದ ಮಾತ ಕೇಳಿ ತಗೊಂಡ್ರ ನಿಮ್ಮ ಬಾಯಿ ಸವಿತೈತೇನು?" ಎಂದಳು ನಿಂಬವ್ವ.

"ಕೇಳಿದ್ರ ಅಯ್ಯಾರು ಒಲ್ಲೆ ಅನ್ನಂಗಿಲ್ಲ. ಅದಕ್ಕ ಕೇಳಾಕ ನಾಚಿಕಿ. ನೀ ಮಾಡೂದೂ ಮಠದ ಕೆಲಸನ ಅಲ್ಲೇನು? ಹೊಸಾದೊಂದು ತಂದು ಇಟ್ರಾತು."

ಹಾಗೆ ಅಂದನಾದರೂ ಕೊಯ್ಯುವ ಮೊದಲು ಗೆರೆಯನ್ನು ಮೂರು ಸಲ ಅಳೆದ. ಮುರಿದ ಗರಗಸದ ಬ್ಲೇಡನ್ನು ಕಲ್ಲಿಗೆ ಮಸೆದು ಕೊಕ್ಕೆ ಮಾಡಿ, ಒಂದೇ ಗೆರೆಯ ಮೇಲೆ ಹತ್ತು ಸಲ ಎಳೆದ. ಮೇಜಿನ ಅಂಚಿಗಿಟ್ಟು ಒತ್ತುವಾಗ ಉಸಿರು ಬಿಗಿಹಿಡಿದ. ಲಟಕ್! ಗೆರೆ ತಪ್ಪದೆ ಮುರಿದೆ. ತೂತು ಕೊರೆಯಲು ಹೊಸ ಮೊನೆಯನ್ನು ಬೇಕೆಂದೇ ಮೊಂಡು ಮಾಡಿದ. ಚೂಪು ಮೊನೆ ನನ್ನ ಜಾತಿಯನ್ನು ಸೀಳುತ್ತದೆ. ಹನಿ ಹನಿ ನೀರು ಬಿಟ್ಟು ತಂಪು ಮಾಡಿದ. ಕೀಲುಗಳಿಗೆ ಸೂಜಿಯಿಂದ, ಅಕ್ರಿಲಿಕ್ ಕರಗಿಸಿ ಬೆಸೆಯುವ ಕ್ಲೋರೋಫಾರ್ಮ್ ಬಿಟ್ಟಾಗ ಅದು ಸಂದಿನೊಳಗೆ ತಾನಾಗಿ ಓಡಿತು, ಎರಡಿದ್ದದ್ದು ಒಂದಾಯಿತು.

ಬೆನ್ನಿಗೆ ಬಿಸಿಗಾಳಿ ಹೊರದೂಡುವ ಫ್ಯಾನು ಕೂರಿಸಿದ. ತಂಪುಗಾಳಿ ಒಳಬರಲು ಎದೆಯಲ್ಲಿ ಕಿಂಡಿ ಬೇಕಲ್ಲ? ಬರೀ ತೂತು ಹೊಡೆಯಲು ಅಕ್ಷರದವನ ಮನಸ್ಸು ಒಪ್ಪಲಿಲ್ಲ. ನಮಃ ಶಿವಾಯ ಎಂಬ ಐದಕ್ಷರವನ್ನು ಗೇಣುದ್ದ ಬರೆದು, ತಂತಿಯ ಗರಗಸದಿಂದ ಆರಪಾರು ಕೊಯ್ದ. ಅಕ್ಷರದ ಹೊಟ್ಟೆಯ ತುಂಡು ಕಳಚಿ ಬೀಳದಂತೆ ಅಲ್ಲಲ್ಲಿ ಎಳ್ಳಿನಷ್ಟು ಕಾಲು ಉಳಿಸಿದ. ಕೊನೆಗೆ ಮೈಮೇಲಿನ ಕಂದು ಕಾಗದ ಸುಲಿದಾಗ ನಾನು ಮೊದಲ ಸಲ ಬೆಳಕು ಕಂಡೆ. ಗುಂಡಿ ಒತ್ತಿದರು. ದೇವರ ಹೆಸರಿನಿಂದ ಗಾಳಿ ಒಳಗೆ ಹರಿಯಿತು. ಅದೇ ನನ್ನ ಮೊದಲ ಉಸಿರು.

ಮಠದ ಕೆಲಸವೆಂದರೆ ಇಷ್ಟು. ನೂರು ವರ್ಷದ ಹಿಂದೆ ಗದ್ದುಗೆಯ ಅಜ್ಜನವರು ಕೈಯಿಂದ ಬರೆದ ಭಜನೆಯ ಪದಗಳ ಹೊತ್ತಿಗೆ ಒಂದಿತ್ತು. ಮಸಿ ಮಾಸಿ ಕಾಗದದ ಬಣ್ಣವೇ ಆಗಿತ್ತು. ಫೋಟೋ ತೆಗೆದರೆ ಕಲೆಗಳಷ್ಟೇ ಬರುತ್ತಿದ್ದವು. ಲೆಕ್ಕಣಿಕೆ ಒತ್ತಿದ ತಗ್ಗನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ಓದಬಲ್ಲವರು ಸಿದ್ರಾಮಯ್ಯನವರೊಬ್ಬರೇ. ಅವರ ಕಣ್ಣೂ ದಿನದಿನಕ್ಕೆ ಮಂಜಾಗುತ್ತಿತ್ತು. ಬಸವ ಜಯಂತಿಯ ಹೊತ್ತಿಗೆ ಏನೂ ಕಾಣದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಸಾಲದ್ದಕ್ಕೆ, ತಿರುವಿದ ಹಾಳೆ ಬೂದಿಯ ಹಾಗೆ ಉದುರುತ್ತಿತ್ತು. ಒಂದು ಹಾಳೆಗೆ ಒಂದೇ ಓದು. ಅಯ್ಯನವರು ಓದಬೇಕು, ನಿಂಬವ್ವ ಟೈಪು ಮಾಡಬೇಕು, ನಾನು ಕಾಯಬೇಕು. ತಪ್ಪಿದರೆ ಪದ ಲೋಕದಿಂದಲೇ ಹೋಯಿತು.

ಮೊದಲ ದಿನ ಅಯ್ಯನವರು ನನ್ನ ಮುಂದೆ ಕೂತು, ಐದಕ್ಷರದ ಮೇಲೆ ಅಂಗೈ ಇಟ್ಟು ಕಣ್ಣಿಗೊತ್ತಿಕೊಂಡರು. "ಏ, ನಾಮದಾಗ ಗಾಳಿ ಆಡತೈತಲ್ಲೋ ರಾಚಪ್ಪಾ!" ಎಂದು ಕೂಸಿನಂತೆ ನಕ್ಕರು. ಅಂಗೈ ನನ್ನ ಮೈಮೇಲೆ ಸರಿಯುತ್ತ ಚಕ್ಕೆ ಹಾರಿದ ಮೂಲೆಗೆ ಬಂತು. ಅಲ್ಲಿ ಒಂದು ಗಳಿಗೆ ನಿಂತಿತು. ರಾಚಪ್ಪನ ಮುಖ ಸಪ್ಪಗಾಯಿತು. ಅಯ್ಯನವರು ಹೊತ್ತಿಗೆ ಬಿಚ್ಚಿದರು.

ಹೊತ್ತಿಗೆಯ ಹಾಳೆ ಹಾರೀತೆಂದು ಚಾವಣಿಯ ಫ್ಯಾನು ಹಾಕುವಂತಿರಲಿಲ್ಲ. ಕೋಣೆ ಭಟ್ಟಿಯಂತಿತ್ತು. ಆದರೂ ಕಿಂಡಿಯಿಂದ ಉಸಿರಾಡುತ್ತ ನಾನು ತಡೆದುಕೊಂಡೆ. ಎಂಬತ್ತು ಪದ ಆದವು.

"ಒಂದ ಪ್ರತಿ ಪೆನ್‌ಡ್ರೈವಿಗೆ ಹಾಕಿ ಇಡಬಾರದೇನು?" ಎಂದ ರಾಚಪ್ಪ.

"ದೇವರಿಗೆ ಎಡಿ ತೋರಸೂಕಿಂತ ಮೊದ್ಲ ಯಾರರ ಬಡಿಸಿಕೊಂತಾರೇನು? ಮಂಗಳದ ಪದ ಆಗ್ಲಿ, ಆಮ್ಯಾಲ ಹೊರಗ ತೆಗೀತೀನಿ," ಎಂದಳು ನಿಂಬವ್ವ. ಅವಳ ಮಡಿ ಅಂಥದು.

ಒಂದು ದಿನ 'ಮಃ' ಅಕ್ಷರದೊಳಗಿಂದ ಹಲ್ಲಿ ನುಸುಳಿತು. ನಿಂಬವ್ವನ ಜೀವ ಝಲ್ಲೆಂದಿತು. "ದೇವರ ಹೆಸರಿನ್ಯಾಗ ಹಲ್ಲಿ ಹಾಯೂದೇನು, ಕಾಲಧೂಳ ಹೋಗೂದೇನು!" ಎಂದವಳೇ ಪುಸ್ತಕಕ್ಕೆ ಹಾಕುವ ತೆಳು ಪ್ಲಾಸ್ಟಿಕ್ಕನ್ನು ಕತ್ತರಿಸಿ ಅಕ್ಷರಗಳ ಹಿಂದೆ ಒಳಗಡೆಯಿಂದ ಅಂಟಿಸಿದಳು. ಹೊರಗೆ ವಿಭೂತಿ ಹಚ್ಚಿ ಮಲ್ಲಿಗೆಯ ಮಾಲೆ ಇಳಿಬಿಟ್ಟಳು. ದೂರ ನಿಂತು ಕೈಮುಗಿದಳು. ಅವಳ ಕಣ್ಣಲ್ಲಿ ಎಂಥ ಸಮಾಧಾನ!

ನನಗೆ ಉಸಿರು ಕಟ್ಟಿತು.

ಬೆನ್ನಿನ ಫ್ಯಾನು ಎಳೆಯುತ್ತಿತ್ತು, ಎಳೆಯಲು ಗಾಳಿಯಿಲ್ಲ. ಒಳಗಿನ ತಂತಿ, ಬೋರ್ಡು, ಡಿಸ್ಕು ಎಲ್ಲ ಕುದಿಯತೊಡಗಿದವು. ಪ್ರೀತಿಯಿಂದ ಮೂಗು ಮುಚ್ಚಿದವಳಿಗೆ ಏನೆಂದು ಹೇಳಲಿ? ಬಾಯಿಯಂತೂ ಇಲ್ಲ. ನೂರಾ ಹತ್ತನೆಯ ಪದದ ನಡುವೆ, ಮೂರು ಗಂಟೆಯ ಬಿಸಿಲಿನಲ್ಲಿ, ಮಷೀನು ತಟ್ಟನೆ ಆರಿತು. ಉಳಿಸಿರದ ಎರಡು ಪದ ಹೋದವು. ಗಾಬರಿಯಲ್ಲಿ ನಿಂಬವ್ವ ಸೆಕೆ ತಾಳದೆ ಮೇಲಿನ ಫ್ಯಾನು ಒತ್ತಿದಳು. ಓದಿಟ್ಟ ಹಾಳೆಯ ಚೂರುಗಳು ಕೋಣೆ ತುಂಬ ಹಾರಿದವು. ಅಯ್ಯನವರು ನೆಲ ತಡವಿ ತಡವಿ ತಾಟಿನಲ್ಲಿ ಕೂಡಿಸಿದರು. ಒಂದು ಸಾಲೂ ಕೂಡಿಬರಲಿಲ್ಲ. "ಆ ಎರಡು ಅಜ್ಜಾರ ಹಂತ್ಯಾಕ ಹೊಳ್ಳಿ ಹೋದವು, ಬಿಡು ತಂಗಿ," ಎಂದರು. ಚೂರುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡರು.

ಮರುದಿನದಿಂದ ನಿಂಬವ್ವ ಸಾಲು ಸಾಲಿಗೆ ಉಳಿಸತೊಡಗಿದಳು. ಆದರೂ ಮಷೀನು ಆರುತ್ತಲೇ ಇತ್ತು. ದೇವರು ಮುನಿದನೆಂದು ಅವಳು ಪೂಜೆ ಹೆಚ್ಚಿಸಿದಳು: ಇನ್ನೊಂದು ಮಾಲೆ, ಇನ್ನಷ್ಟು ವಿಭೂತಿ, ತಲೆಯ ಮೇಲೊಂದು ರೇಷ್ಮೆ ವಸ್ತ್ರ. ಪೂಜೆ ಹೆಚ್ಚಿದಷ್ಟೂ ನನ್ನ ಉಸಿರು ಕಡಿಮೆಯಾಯಿತು. ರಾಚಪ್ಪ ಪಕ್ಕದ ತಿರುಪು ಬಿಚ್ಚಿ ಒಳಗೆ ನೋಡಿದ. ಪ್ಲಾಸ್ಟಿಕ್ಕನ್ನೂ ನೋಡಿದ. ಆದರೆ ಅವನ ಮನಸ್ಸು ಬೇರೆಲ್ಲೋ ಇತ್ತು. ಅವನಿಗೆ ಕಂಡದ್ದು ತನ್ನ ತಪ್ಪು ಮಾತ್ರ. ಕೇಳದೆ ತಂದ ಮಠದ ಹಾಳೆ ಮಠದ ಪದಗಳನ್ನೇ ತಿನ್ನುತ್ತಿದೆ ಎಂದುಕೊಂಡ. ಉಣ್ಣುವುದು ಬಿಟ್ಟ. ಹೊಸ ಹಾಳೆ ತರೋಣವೆಂದರೆ, ನಡುವೆ ನನ್ನನ್ನು ಒಡೆದು ಒಳಗಿನ ಡಿಸ್ಕನ್ನು ಕದಲಿಸಲು ಧೈರ್ಯವಿಲ್ಲ.

ಬಸವ ಜಯಂತಿಗೆ ಎರಡು ದಿನ ಉಳಿದಿತ್ತು. ಇನ್ನೂರಾ ಆರು ಪದ ಆಗಿದ್ದವು. ಉಳಿದದ್ದು ಕೊನೆಯ ಹಾಳೆ, ಮಂಗಳದ ಪದ. ಆ ಮುಂಜಾನೆ ನಾನು ಮೂರು ಸಲ ಆರಿದೆ. ಮೂರನೆಯ ಸಲ ಆರುವ ಮುನ್ನ ನನ್ನೊಳಗಿನ ಡಿಸ್ಕು ಟಕ್ ಟಕ್ ಎಂದು ಹಲ್ಲಿಯಂತೆ ಲೊಚಗುಟ್ಟಿತು. ನಿಂಬವ್ವ ಬಿಳಿಚಿಕೊಂಡಳು. ಆ ಸದ್ದಿನ ಅರ್ಥ ಅವಳಿಗೆ ಗೊತ್ತು. ಇನ್ನೊಮ್ಮೆ ಹಾಗಾದರೆ ಇನ್ನೂರಾ ಆರೂ ಹೋದಂತೆ. ಆದರೂ ಮಂಗಳಕ್ಕೆ ಮುಂಚೆ ಪ್ರತಿ ತೆಗೆಯಲು ಅವಳ ಮಡಿ ಒಪ್ಪಲಿಲ್ಲ.

"ಹೂವು ಬಾಡ್ಯಾವು, ಅದಕ್ಕ ಹಿಂಗ," ಎಂದು ಹಳೆಯ ಮಾಲೆ ತೆಗೆದು ಹೊಸದನ್ನು ತರಲು ಒಳಗೆ ಹೋದಳು.

ರಾಚಪ್ಪ ಅಯ್ಯನವರ ಮುಂದೆ ಮೊಣಕಾಲೂರಿದ. "ಅಯ್ಯಾರ, ತಪ್ಪು ನಂದೈತ್ರಿ. ಈ ಪೆಟಗಿ..."

"ನಿನ್ನ ತಪ್ಪು ಎಲ್ಲೂ ಓಡಿ ಹೋಗಂಗಿಲ್ಲ. ನನ್ನ ಕಣ್ಣು ಓಡಾಕತ್ತಾವು. ಮೊದ್ಲ ಮಷೀನ ಚಾಲೂ ಮಾಡು."

ಗುಂಡಿ ಒತ್ತಿದ. ಬೆನ್ನಿನ ಫ್ಯಾನು ನರಳುತ್ತ ತಿರುಗಿತು. ಅಯ್ಯನವರು ದಿನದಂತೆ ಕೈಯೆತ್ತಿ ನನ್ನೆದೆ ಮುಟ್ಟಿದರು. ಇಷ್ಟು ದಿನ ಅವರ ಕೈಗೆ ಸಿಗುತ್ತಿದ್ದದ್ದು ಹೂವು. ಇವತ್ತು ಬರಿಯ ನಾಮ ಸಿಕ್ಕಿತು. ಬೆರಳು 'ಶಿ'ಯ ಮೇಲೆ ನಿಂತಿತು. 'ವಾ'ಕ್ಕೆ ಸರಿಯಿತು. ಮತ್ತೆ 'ನ'ಕ್ಕೆ ಹೊರಳಿತು. ನಾನಂತೂ ಆ ಬೆರಳನ್ನೇ ನಂಬಿ ಕೂತೆ.

"ರಾಚಪ್ಪಾ, ಮೊದಲನೇ ದಿನ ಇಲ್ಲೆ ಗಾಳಿ ಆಡತಿತ್ತಲ್ಲ. ಈಗ್ಯಾಕ ನಿಂತೈತಿ?"

"ಏನ್ರಿ?"

"ಕೈ ಇಟ್ಟ ನೋಡೋ. ನಾಮದಾಗ ಉಸಿರ ಇಲ್ಲ."

ರಾಚಪ್ಪ ಕೈ ಇಟ್ಟ. ಅಕ್ಷರದೊಳಗೆ ಬೆರಳು ಹಾಕಿದ; ಪ್ಲಾಸ್ಟಿಕ್ಕಿಗೆ ತಾಗಿತು. ಒಂದು ಕ್ಷಣ ಅವನೂ ಆ ಬೇವಿನ ಮರದ ಹಾಗೆ ನಿಂತ. ಆಮೇಲೆ ಡಿಸ್ಕು ಟಕ್ ಎಂದಿತು. ಅಷ್ಟೇ, ಬೆರಳಿನಿಂದಲೇ ಐದೂ ಅಕ್ಷರಗಳಲ್ಲಿ ಒತ್ತಿ ಒತ್ತಿ ಹರಿದುಬಿಟ್ಟ. ಗಾಳಿ ಹೋ ಎಂದು ಒಳನುಗ್ಗಿತು. ಅಂಚಿನಲ್ಲಿ ಕಟ್ಟಿದ್ದ ವಿಭೂತಿ ಹೊಗೆಯಂತೆ ಒಳಗೆ ಸುಳಿದು ಬೆನ್ನಿನಿಂದ ಹೊರಬಂತು. ಟಕ್... ಇನ್ನೊಂದು ಟಕ್... ಮೂರು ಜೀವಗಳು ಕಿವಿಯಾದವು. ಬಾಗಿಲಲ್ಲಿ ಮಾಲೆ ಹಿಡಿದ ನಿಂಬವ್ವ ಅಲುಗಲಿಲ್ಲ.

ಸದ್ದು ನಿಂತಿತು. ಪರದೆಯ ಮೇಲೆ ಇನ್ನೂರಾ ಆರು ಪದಗಳೂ ಮೂಡಿದವು.

"ನಾನ ಅದರ ಉಸಿರ ಕಟ್ಟಿಸಿದ್ನಲ್ಲ, ಯಪ್ಪಾ!" ಎಂದು ನಿಂಬವ್ವ ಅಳತೊಡಗಿದಳು.

"ದೇವರ ಬಾಯಿಗೆ ಪ್ಲಾಸ್ಟಿಕ್ ಹಚ್ಚಿದಾಕಿ ನೀನ ಮೊದಲನೇದಾಕಿ ತಂಗಿ," ಅಯ್ಯನವರು ನಕ್ಕರು. "ಅಳೂದು ಆಮ್ಯಾಲ. ಬರಕೋ."

ಕೊನೆಯ ಹಾಳೆ ಕಿಟಕಿಗೆ ಓರೆಯಾಯಿತು. ಮಂಗಳದ ಪದದ ಕೊನೆಯ ಸಾಲು ಪರದೆಗೆ ಬಂದಾಗ ಹಾಳೆ ಅವರ ಬೆರಳುಗಳ ನಡುವೆ ಎರಡಾಯಿತು. ನಿಂಬವ್ವ ಕೈಮುಗಿದು ಪೆನ್‌ಡ್ರೈವ್ ಚುಚ್ಚಿದಳು. ತಪ್ಪೊಪ್ಪಲು ಹೊರಟ ರಾಚಪ್ಪನ ಅರ್ಧ ಮಾತು ಅಂದು ಅರ್ಧವಾಗಿಯೇ ಉಳಿಯಿತು.

ಆರು ವರ್ಷ ನಾನು ಆ ಮನೆಯಲ್ಲಿ ಬಾಳಿದೆ. ಎಷ್ಟೋ ಮದುವೆಯ ಮುಹೂರ್ತಗಳು ನನ್ನ ಹೊಟ್ಟೆಯಿಂದ ಹೊರಟವು. ಪದಗಳು ಪುಸ್ತಕವಾದವು, ಸೋಮವಾರದ ಭಜನೆಗೆ ಜನ ಅವನ್ನು ನೋಡಿ ಹಾಡುತ್ತಾರಂತೆ. ಆಮೇಲೆ ನನ್ನೊಳಗಿನ ಬೋರ್ಡು ಸುಟ್ಟಿತು. ನಿಂಬವ್ವ ಮಡಚುವ ಕಂಪ್ಯೂಟರ್ ತಂದಳು. ನಾನು ಅಟ್ಟ ಸೇರಿದೆ. ಮೈತುಂಬ ಗೀರು, ಮಾಸಿದ ಹಳದಿ.

ಮೊನ್ನೆ ಒಂದು ಮುಂಜಾನೆ, ತಣ್ಣನೆ ಗಾಳಿ ಬೀಸುತ್ತಿದ್ದಾಗ, ರಾಚಪ್ಪ ನನ್ನನ್ನು ಕೆಳಗಿಳಿಸಿದ. ಫ್ಯಾನು ತೆಗೆದ. ಹಲ್ಲುಜ್ಜುವ ಪೇಸ್ಟು ಹಚ್ಚಿ ಹತ್ತಿಯಿಂದ ತಿಕ್ಕಿ ತಿಕ್ಕಿ ಗೀರುಗಳನ್ನು ಮಾಯ ಮಾಡಿದ. ಕೊಯ್ದು ಗಿಡ್ಡ ಮಾಡಿ, ಮೇಲೊಂದು ಮುಚ್ಚಳವಿಟ್ಟ. ಚಕ್ಕೆ ಹಾರಿದ ಮೂಲೆಯನ್ನು ಕೊಯ್ದು ಹಾಕಬಹುದಿತ್ತು. ಕೊಯ್ಯಲಿಲ್ಲ.

ಈಗ ನಾನು ಮಠದ ಗದ್ದುಗೆಯ ಪಕ್ಕದಲ್ಲಿದ್ದೇನೆ. ನನ್ನೊಳಗೆ ಆ ಹೊತ್ತಿಗೆಯ ರಟ್ಟು, ಉದುರಿದ ಚೂರುಗಳು, ಆ ಎರಡು ಪದಗಳ ಬೂದಿಯೂ ಇದೆ. ಒಂದು ಕಾಲಕ್ಕೆ ಆ ಪದಗಳನ್ನು ಕೊಂದೇ ಬಿಡುತ್ತಿದ್ದ ನಾನು ಈಗ ಅವುಗಳ ಮನೆ. ಹೆಸರನ್ನು ಮುಚ್ಚಿ ಕಾಪಾಡಲು ಆಗುವುದಿಲ್ಲ, ಅದು ಹಾಯ್ದು ಹೋಗಲು ದಾರಿ ಬಿಡಬೇಕು. ಇಷ್ಟು ಕಲಿಯಲು ನನಗೆ ಒಂದು ಬೇಸಗೆ ಹಿಡಿಯಿತು.

ನನ್ನನ್ನು ಇಲ್ಲಿಗೆ ತಂದ ಆ ದಿನ ಸಿದ್ರಾಮಯ್ಯನವರು ಗದ್ದುಗೆಯ ಪಕ್ಕ ಕೂತಿದ್ದರು. ಕಣ್ಣು ಪೂರಾ ಹೋಗಿದೆ. "ಯಾರಪಾ?" ಎಂದರು. ರಾಚಪ್ಪ ಮುಂದೆ ಬಂದ. ಕೆಳಗೆ ಕೂತು ನನ್ನನ್ನು ಅವರ ಎರಡೂ ಕೈಗೆ ಇಟ್ಟ. ಅವರ ಬೆರಳು ಐದಕ್ಷರದ ಮೇಲೆ ಹಾಯ್ದು, ಸರಿಯುತ್ತ ಬಂದು, ಚಕ್ಕೆ ಹಾರಿದ ಮೂಲೆಯ ಮೇಲೆ ನಿಂತಿತು. ಅಯ್ಯನವರು ಬಸ್ಸಿನ ಬಾಗಿಲು ಬಡಿದ ಆ ಗುರುತನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.