ಖಾಲಿ ಹಾಲು

"ನಿನ್ನೆ ಇಲ್ಲೀವರೆಗೂ ಇತ್ತಾ, ಇಲ್ಲ ಇನ್ನೂ ಸ್ವಲ್ಪ ಮೇಲಿತ್ತಾ?"

ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಮಶ್ರೀ ಸಿರಪ್ಪಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು. ಬಾಟಲಿಯ ಹೊರಮೈಗೆ ಅವಳೇ ಉಗುರುಬಣ್ಣದಲ್ಲಿ ಎಳೆದಿದ್ದ ಸಣ್ಣ ಗೆರೆ. ಔಷಧಿ ಆ ಗೆರೆಯಿಂದ ಎರಡೂವರೆ ಎಂಎಲ್ ಕೆಳಗಿಳಿದಿತ್ತು. ಡಾಕ್ಟರು ಬರೆದುಕೊಟ್ಟಷ್ಟೇ. ಅಳತೆ ಸರಿಯಿದೆ ಎಂಬುದೇ ಅವಳ ಅನುಮಾನವನ್ನು ಇನ್ನಷ್ಟು ಕೆದಕಿತು. ಇಳಿದದ್ದೇನೋ ನಿಜ, ಇಳಿದದ್ದು ಯಾರ ಹೊಟ್ಟೆಗೆ?

ಸೂರ್ಯನಿಗೆ ಇಪ್ಪತ್ತೆರಡು ತಿಂಗಳು. ಆರು ವಾರದ ಹಿಂದೆ ಜ್ವರಕ್ಕೆಂದು ಕ್ಲಿನಿಕ್ಕಿಗೆ ಕರೆದೊಯ್ದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ್ದರು. ಹನ್ನೊಂದು ಇರಬೇಕಾದ ಹಿಮೋಗ್ಲೋಬಿನ್ ಏಳು ಪಾಯಿಂಟ್ ಒಂಬತ್ತಿತ್ತು. ಕಬ್ಬಿಣದ ಅಂಶ ತೀರಾ ಕಮ್ಮಿ, ಸಿರಪ್ ಕೊಡಿ, ಆರು ವಾರ ಬಿಟ್ಟು, ಅಂದರೆ ಈ ಶನಿವಾರ, ಮತ್ತೆ ತೋರಿಸಿ, ಏರದೆ ಇಳಿಯುತ್ತಲೇ ಹೋದರೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕಾದೀತು ಎಂದಿದ್ದರು. ಮಲಗಿದ್ದ ಮಗನ ಕೆಳರೆಪ್ಪೆಯನ್ನು ಹೇಮಶ್ರೀ ಮೆಲ್ಲಗೆ ಎಳೆದು ನೋಡಿದಳು. ಒಳಗೆ ಕೆಂಪು ಕಾಣಲಿಲ್ಲ, ತೊಳೆದ ಅಕ್ಕಿಯ ಬಣ್ಣ.

"ಆ ಮನೇಲಿ ಏನ್ ತಿನ್ನಿಸ್ತಾರೋ, ಏನ್ ಬಿಡ್ತಾರೋ, ಯಾರ್ ನೋಡಿದ್ದಾರೆ," ಎಂದಳು ನಡುಮನೆಯಲ್ಲಿ ಕೂತಿದ್ದ ಅತ್ತೆ ಅಂಜಿನಮ್ಮ. ಮೊಬೈಲಿನಲ್ಲಿ ಬೆಳಗಿನ ಪಾರಾಯಣ ನಡೆಯುತ್ತಿತ್ತು. ಅವಳ ಕೈ ಹೂ ಕಟ್ಟುತ್ತಲೇ ಇತ್ತು. ಎಂಟು ಗಂಟೆಗೆ ದೇವಸ್ಥಾನದ ಮುಂದೆ ಬುಟ್ಟಿ ಇಟ್ಟುಕೊಂಡು ಕೂತರೆ ಅವಳು ಏಳುವುದು ದೀಪ ಹಚ್ಚಿದ ಮೇಲೆಯೇ. "ಮುಡಿ ಕೊಡೋವರೆಗೂ ಕವುಚು ಮುಟ್ಟಿಸಲ್ಲ ಅಂತ ದೇವ್ರಿಗೆ ಮಾತು ಕೊಟ್ಟಿದ್ದೀನಿ ಹೇಮಾ. ಏಳು ತಿಂಗಳಿಗೇ ಹುಟ್ಟಿದ ಕೂಸು. ಆ ಮಾತಿನ ಮೇಲೇ ಉಸಿರಾಡಿದ್ದು ಅದು."

ಮೊದಲನೇ ವರ್ಷಕ್ಕೇ ಆಗಬೇಕಿದ್ದ ಮುಡಿ ಅದು. ಕುಲದಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂದು ಮುಂದಿನ ಚೈತ್ರಕ್ಕೆ ಹೋಗಿತ್ತು. ಅಲ್ಲಿಯವರೆಗೆ ಮೊಟ್ಟೆಯಿಲ್ಲ, ಮಾಂಸವಿಲ್ಲ.

ಹೇಮಶ್ರೀ ಔಷಧಿಯ ಬಾಟಲಿಯನ್ನೂ ಮೂರು ಹಾಲಿನ ಬಾಟಲಿಗಳನ್ನೂ ಬ್ಯಾಗಿಗೆ ಹಾಕಿದಳು. ಮೊದಲು ಒಂದೇ ಇತ್ತು. ಲಿಂಗರಾಜಪುರದ ಅದೇ ಬೀದಿಯ ಕೊನೆಯಲ್ಲಿರುವ ಇಮಾಮ್ ಬೀ, ಸೂರ್ಯ ಆರು ತಿಂಗಳ ಮಗುವಾಗಿದ್ದಾಗಿಂದ ಅವನನ್ನು ಹಗಲು ನೋಡಿಕೊಳ್ಳುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಅವಳು ಬಾಗಿಲಲ್ಲಿ ನಿಂತು, "ಖಾಲಿ ಹಾಲು ಬೇಟಾ, ಖಾಲಿ ಹಾಲು," ಎಂದಳು. ಮರುದಿನ ಹೇಮಶ್ರೀ ಎರಡು ಬಾಟಲಿ ಕಳಿಸಿದಳು. ಹದಿನೈದು ದಿನಕ್ಕೆ ಮತ್ತದೇ ಮಾತು: "ಇವನ್ದು ಖಾಲಿ ಹಾಲಿದೆ, ನೋಡು." ಮೂರಾಯಿತು. ಎಷ್ಟು ಕಳಿಸಿದರೂ ಖಾಲಿ. ಇಷ್ಟು ಪುಟ್ಟ ಮಗು ಅಷ್ಟು ಹಾಲು ಕುಡಿಯುತ್ತದೆಯೇ, ಇಲ್ಲ ಅವರ ಮನೆಯ ಚಹಾಕ್ಕೆ ಹೋಗುತ್ತದೆಯೇ? ಹಾಲಿಗೆ ಹೀಗಾದರೆ ಔಷಧಿಗೆ ಹೇಗೋ.

ಹಲಸೂರಿನ ಮೆಟ್ರೊ ನಿಲ್ದಾಣದಲ್ಲಿ ಪರದೆಯ ಹಿಂದೆ ನಿಂತು ಹೆಂಗಸರನ್ನು ತಪಾಸಣೆ ಮಾಡುವುದು ಅವಳ ಕೆಲಸ. ಕೈಯಲ್ಲಿನ ಯಂತ್ರ ಪಿನ್ನಿಗೆ, ಬಳೆಗೆ, ಕೀಲಿಗೆ ಕೂಗುತ್ತಿತ್ತು. ಊರಿನ ಮೈಯಲ್ಲೆಲ್ಲ ಲೋಹವಿದೆ, ತನ್ನ ಮಗನ ಮೈಯಲ್ಲಿ ಮಾತ್ರ ಇಲ್ಲ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಗುರುವಾರ ಪಾಳಿ ಬದಲಾಗಿ ಮಧ್ಯಾಹ್ನವೇ ಬಿಡುವಾಯಿತು. ಫೋನು ಮಾಡದೆ ನೇರ ಇಮಾಮ್ ಬೀ ಮನೆಗೆ ಹೋದಳು. ತಿರುವಿನಲ್ಲೇ ಮೂಗಿಗೆ ಬಡಿಯಿತು, ಮೆಣಸು ಹಾಕಿ ಹುರಿಯುತ್ತಿದ್ದ ಕುರಿ ಲಿವರಿನ, ಕಲೇಜಿಯ ವಾಸನೆ. ಹೊಸಿಲಿನ ಹೊರಗೆ ಚಾಪೆಯ ಮೇಲೆ ಸೂರ್ಯ ಹಾಲಿನ ಬಾಟಲಿ ಚೀಪುತ್ತ ಕೂತಿದ್ದ. ಪಕ್ಕದಲ್ಲಿ ಇಮಾಮ್ ಬೀಯ ಮೊಮ್ಮಗಳು, ನಾಲ್ಕು ವರ್ಷದ ಉಮ್ಮೆ ಕುಲ್ಸುಂ. ಹುಡುಗಿ ನಕ್ಕಳು. ಹಲ್ಲಿನ ಬುಡದಲ್ಲಿ ಕಪ್ಪು ಗೆರೆ.

ಆ ಕಪ್ಪು ಎಲ್ಲಿಂದ ಬರುತ್ತದೆಂದು ಹೇಮಶ್ರೀಗೆ ಗೊತ್ತಿತ್ತು. ಸಿರಪ್ಪಿನಿಂದ ಹಲ್ಲು ಕಪ್ಪಾಗಬಹುದೆಂದು ಡಾಕ್ಟರು ಹೇಳಿದ್ದರು. ಸೂರ್ಯನ ಬಾಯಿ ಬಿಡಿಸಿ ನೋಡಿದಳು. ಹಾಲಿನಷ್ಟು ಬಿಳಿ. ಅವನ ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಒಳಗೆ ಹೋಗಿ ಗೋಡೆಗೆ ನೇತುಹಾಕಿದ್ದ ಸೂರ್ಯನ ಬ್ಯಾಗನ್ನು ಇಳಿಸಿ ಒಂದೊಂದೇ ಜಿಪ್ಪು ತೆರೆದಳು, ಕೆಲಸದಲ್ಲಿ ತೆರೆಯುವ ಹಾಗೆಯೇ.

ಒಲೆಯ ಮುಂದಿದ್ದ ಇಮಾಮ್ ಬೀ ಸೌಟು ನಿಲ್ಲಿಸಿದಳು. "ಏನ್ ಹುಡುಕ್ತೀಯ ಬೇಟಾ?"

"ಏನಿಲ್ಲಮ್ಮ. ಸುಮ್ನೆ."

"ಮಗನ ಕೈ ಮೂಸಿದ್ದೂ ಸುಮ್ನೇನಾ?"

ಹೇಮಶ್ರೀ ಬ್ಯಾಗಿನ ಜಿಪ್ಪು ಎಳೆದಳು. "ಕುಲ್ಸುಂ ಹಲ್ಲು ಯಾಕೆ ಕಪ್ಪಗಿದೆ?" ಎಂದಳು.

ಇಮಾಮ್ ಬೀ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡಳು. "ಹಂಗೆ ಕೇಳು. ಬಾಯಿ ಬಿಟ್ಟು ಕೇಳಿದ್ರೆ ಚೆನ್ನಾಗಿರುತ್ತೆ. ಇವಳಿಗೂ ಖೂನ್, ರಕ್ತ ಕಮ್ಮಿ ಇತ್ತು. ಹೋದ ತಿಂಗಳವರೆಗೂ ಆಶಾ ಕಾರ್ಯಕರ್ತೆ ಕೊಟ್ಟ ದವಾ ಕುಡಿದ್ಳು. ಕೊಟ್ಟ ಮೇಲೆ ಬಾಯಿ ಒರೆಸ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ, ಹಲ್ಲು ಹಿಂಗಾಯ್ತು. ನಿನ್ ಮಗನಿಗೆ ಬಿಸ್ಮಿಲ್ಲಾ ಹೇಳಿ ಕೊಡ್ತೀನಿ, ಒದ್ದೆ ಬಟ್ಟೆಯಿಂದ ಒರೆಸ್ತೀನಿ. ಅವನ ಹಲ್ಲು ಬೆಳ್ಳಗಿರೋದೂ ತಪ್ಪಾ?"

"ಅತ್ತೆ ಕೇಳ್ತಾರೆ, ಅದಕ್ಕೇ..."

"ನಿಮ್ಮತ್ತೆ ಮನ್ನತ್, ಹರಕೆ ವಿಷ್ಯ ಹೇಳಿದ ದಿನದಿಂದ ಇವನ ತಟ್ಟೆ ಬೇರೆ, ಚಮಚ ಬೇರೆ. ಗೋಷ್ತ್ ಬೇಯೋ ದಿನ ಇವನು ಹೊಸಿಲಿನ ಆಚೆ. ನೋಡು, ಅಲ್ಲೇ ಕೂತಿದ್ದಾನೆ."

ಹೇಮಶ್ರೀ ಮಗನನ್ನು ಎತ್ತಿಕೊಂಡು ಹೊರಟಳು. ಇದೆಲ್ಲ ನಿಜವೋ, ಮೊದಲೇ ಹೊಂದಿಸಿಟ್ಟ ಮಾತೋ ಎಂದು ಮನೆ ತಲುಪುವವರೆಗೂ ಯೋಚಿಸಿದಳು. ಶುಕ್ರವಾರ ರಜೆ ಹಾಕಿ ಮಗನನ್ನು ತಾನೇ ಇಟ್ಟುಕೊಂಡಳು.

ಶನಿವಾರದ ವರದಿಯಲ್ಲಿ ಏಳು ಪಾಯಿಂಟ್ ಆರು ಬಂತು.

"ಸಿರಪ್ ಕೊಡ್ತಿದ್ದೀರಾ?" ಎಂದರು ಡಾಕ್ಟರು.

"ನೋಡ್ಕೊಳ್ಳೋರು ಕೊಡ್ತೀವಿ ಅಂತಾರೆ. ನಂಗೆ ನಂಬಿಕೆ ಇಲ್ಲ ಡಾಕ್ಟ್ರೇ."

"ಮೋಷನ್ ಯಾವ ಬಣ್ಣ ಹೋಗುತ್ತೆ?"

"ಕಪ್ಪಗೆ."

"ಸಿರಪ್ಪಿಂದ್ಲೇ ಹಾಗಾಗೋದು. ಅಂದ್ರೆ ಕೊಡ್ತಿದ್ದಾರೆ. ಅವರನ್ನ ಬಿಡಿ. ದಿನಕ್ಕೆ ಹಾಲು ಎಷ್ಟು?"

ಈ ಪ್ರಶ್ನೆಗೆ ಹೇಮಶ್ರೀಯ ಬೆನ್ನು ನೆಟ್ಟಗಾಯಿತು. ಇದೊಂದರಲ್ಲಿ ಅವಳು ಏನೂ ಕಮ್ಮಿ ಮಾಡಿರಲಿಲ್ಲ. "ಬೆಳಿಗ್ಗೆ ಒಂದು ಬಾಟ್ಲಿ, ಅಲ್ಲಿ ಮೂರು, ರಾತ್ರಿ ಒಂದು. ಲೀಟರ್ ಮೇಲೇ ಕುಡೀತಾನೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೇ ಕಾರಣ ನೋಡಿ. ಹಾಲಲ್ಲಿ ಕಬ್ಬಿಣ ಇಲ್ಲ ಅಂತಲೇ ಹೇಳ್ಬೇಕು. ಹೊಟ್ಟೆ ತುಂಬಿಸುತ್ತೆ, ಊಟ ಬಿಡಿಸುತ್ತೆ. ಜೊತೆಗೆ ಕೊಟ್ಟ ಸಿರಪ್ಪೂ ಮೈಗೆ ಹತ್ತೋಕೆ ಬಿಡಲ್ಲ. ಇನ್ಮೇಲೆ ಎರಡು ಲೋಟ, ಅಷ್ಟೇ. ಸಿರಪ್ಪನ್ನ ಹಾಲಿನಿಂದ ದೂರ ಇಟ್ಟು, ಕಿತ್ತಳೆ ರಸದ ಜೊತೆ ಕೊಡಿ. ರಾಗಿ, ಬೇಳೆ, ಸೊಪ್ಪು ತಿನ್ಲಿ. ಮಾಂಸ ತಿನ್ನೋ ಮನೆ ಅಲ್ವಾ ನಿಮ್ದು? ಸ್ವಲ್ಪ ಖೈಮಾ, ಸ್ವಲ್ಪ ಲಿವರ್ ಶುರು ಮಾಡಿ, ಬೇಗ ಏರುತ್ತೆ. ನಾಲ್ಕು ವಾರ ನೋಡೋಣ. ಆಮೇಲೂ ಇಳಿದಿದ್ರೆ ಅಡ್ಮಿಟ್ ಮಾಡ್ಲೇಬೇಕು."

ಭಾನುವಾರ ಕೆಲಸಕ್ಕೆ ಹೋದಾಗ, ಪಕ್ಕದ ಗೇಟಿನ ಅಂಬ್ರೀನ್‌ಗೆ ಇದನ್ನೆಲ್ಲ ಹೇಳಿದಳು. ಅಂಬ್ರೀನ್ ಶಿವಾಜಿನಗರದವಳು, ಮನೆಮಾತು ಉರ್ದು. "ನಾನೇನ್ ಮಾಡ್ಲಿ, ಆ ಅಮ್ಮ ದಿನಾ ಹಾಲು ಖಾಲಿ ಅಂತಿದ್ರು, ನಾನು ಕಳಿಸ್ತಿದ್ದೆ," ಎಂದಳು ಹೇಮಶ್ರೀ.

"ಹಾಲು ಖಾಲಿ ಅಂತಿದ್ರಾ, ಖಾಲಿ ಹಾಲು ಅಂತಿದ್ರಾ?"

"ಖಾಲಿ ಹಾಲು. ಎರಡೂ ಒಂದೇ ಅಲ್ವಾ?"

ಅಂಬ್ರೀನ್ ಮುಸಿಮುಸಿ ನಕ್ಕಳು. "ನಮ್ಮನೇಲಿ ಖಾಲಿ ಅಂದ್ರೆ ಬರೀ ಅಂತ ಕಣೆ. ಹೇಮಶ್ರೀ ಖಾಲಿ ಮಾತಾಡ್ತಾಳೆ, ಕೆಲ್ಸ ಮಾಡಲ್ಲ ಅಂದ್ರೆ ಏನ್ ಅರ್ಥ? ಇವನು ಬರೀ ಹಾಲು ಕುಡೀತಾನೆ, ಊಟ ಮುಟ್ಟಲ್ಲ ಅಂತ ಪಾಪ ಬಾಯಿ ಬಡ್ಕೊಂಡಿದ್ದಾರೆ. ನೀನು ಇನ್ನೊಂದು ಬಾಟ್ಲಿ ತುಂಬಿಸಿದ್ದೀಯ."

ಹೇಮಶ್ರೀಯ ಕೈಯಲ್ಲಿನ ಯಂತ್ರ ಯಾರದೋ ಬಳೆಗೆ ಕೂಗುತ್ತಲೇ ಇತ್ತು. ಆ ಹೆಂಗಸೇ, "ಮುಗೀತೇನಮ್ಮ?" ಎಂದು ಕೇಳಬೇಕಾಯಿತು.

ಆ ಸಂಜೆ ಮನೆಯಲ್ಲಿ ಮಾಂಸದ ಮಾತು ತೆಗೆದಳು. ಅಂಜಿನಮ್ಮ ಕೂಗಾಡಲಿಲ್ಲ. ಪಾರಾಯಣವನ್ನು ನಿಲ್ಲಿಸಿ, "ಚೈತ್ರಕ್ಕೆ ಇನ್ನು ಮೂರೇ ತಿಂಗಳು. ಕೊಟ್ಟ ಮಾತು ಮುರಿದು ನಾಳೆ ಏನಾದ್ರೂ ಆದ್ರೆ ನೀನು ಜವಾಬ್ದಾರೀನಾ?" ಎಂದಳು. ಗಂಡ ಲಕ್ಷ್ಮಿಕಾಂತ ತಟ್ಟೆಯಿಂದ ತಲೆ ಎತ್ತದೆ, "ಅಮ್ಮ ಹೇಳಿದ್ಮೇಲೆ ಮುಗೀತು," ಎಂದ. ಮೂರು ತಿಂಗಳೆಲ್ಲಿ, ನಾಲ್ಕು ವಾರವೆಲ್ಲಿ. ಹೇಮಶ್ರೀ ಎದ್ದು ಹಾಲಿನ ಬಾಟಲಿಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿದಳು.

ಸೋಮವಾರ ಬೆಳಿಗ್ಗೆ ಇಮಾಮ್ ಬೀಯ ಬಾಗಿಲಲ್ಲಿ ನಿಂತಾಗ ಅವಳ ಬ್ಯಾಗಿನಲ್ಲಿದ್ದದ್ದು ಔಷಧಿ, ಎರಡು ಕಿತ್ತಳೆ, ರಾಗಿಹಿಟ್ಟಿನ ಡಬ್ಬಿ. ಇಮಾಮ್ ಬೀ ಕೈ ಚಾಚಿದಳು. ಸೂರ್ಯ ಹಾರಿ ಅವಳ ಹೆಗಲಿಗೆ ಹೋದ.

"ತಪ್ಪಾಯ್ತಮ್ಮ. ನಿಮ್ಮ ಮಾತು ನಂಗೆ ತಿಳೀಲಿಲ್ಲ," ಎಂದು ಹೇಮಶ್ರೀ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

"ನಾನೂ ಬೇರೆ ಥರ ಹೇಳ್ಬೇಕಿತ್ತು," ಎಂದಳು ಇಮಾಮ್ ಬೀ. "ತಾಯಿ ಕಳಿಸಿದ ಹಾಲು ಬೇಡ ಅನ್ನೋಕೆ ನಾನ್ಯಾರು ಅಂತ ಸುಮ್ನಾದೆ. ಹೋಗ್ಲಿ. ಇವತ್ತು ಸಬ್ಬಸಿಗೆ ಸೊಪ್ಪು ತಂದಿದ್ದೀನಿ, ಬೇಳೆ ಜೊತೆ ಮೆತ್ತಗೆ ಮಾಡಿ ತಿನ್ನಿಸ್ತೀನಿ."

ಹೇಮಶ್ರೀ ಬೀದಿಯ ಎರಡೂ ಕಡೆ ನೋಡಿ ಹೊಸಿಲು ದಾಟಿ ಒಳಗೆ ಬಂದಳು. ದನಿ ತಗ್ಗಿಸಿದಳು. "ಅಮ್ಮ, ಇನ್ನೊಂದು. ನೀವು ಕಲೇಜಿ ಮಾಡಿದ ದಿನ ಇವನಿಗೂ ಎರಡು ತುತ್ತು ಕೊಡಿ. ಅನ್ನದಲ್ಲಿ ಕಲಸಿಬಿಡಿ. ಬಾಯಿ ತೊಳೆದು ಕಳಿಸಿದ್ರೆ ಮನೇಲಿ ಯಾರಿಗೂ ಗೊತ್ತಾಗಲ್ಲ."

ಇಮಾಮ್ ಬೀ ಬಾಗಿಲನ್ನು ಅರ್ಧ ಮುಚ್ಚಿ ಅವಳ ಕಡೆ ತಿರುಗಿದಳು. "ಇದು ನಿನ್ ಮಾತಾ? ಇಲ್ಲ, ನಿಮ್ಮತ್ತೆ ನನ್ನ ಪರೀಕ್ಷೆ ಮಾಡ್ಕೊಂಡು ಬಾ ಅಂತ ಕಳಿಸಿದ್ರಾ?"

"ಅಯ್ಯೋ, ಇಲ್ಲಮ್ಮ. ನನ್ನ ಮಗನ ಆಣೆ."

"ಆಣೆ ಬೇಡ."

"ನಾಲ್ಕೇ ವಾರ ಇದೆ. ನನ್ನ ಕೈಯಲ್ಲಿ ಆಗಲ್ಲ, ನಾನು ಒಲೆ ಹಚ್ಚೋ ಹೊತ್ತಿಗೆ ಅತ್ತೆ ಮನೇಲೇ ಇರ್ತಾರೆ. ನೀವೊಬ್ರೇ..."

"ನಿನ್ ಕೈಲಿ ಆಗದೇ ಇರೋದನ್ನ ನನ್ ಕೈಲಿ ಮಾಡಿಸ್ತೀಯ. ನಾಳೆ ಗೊತ್ತಾದ್ರೆ ನಿಮ್ಮ ದೇವ್ರ ಮಾತು ಮುರಿದವಳು ನಾನೇ ಆಗ್ತೀನಿ." ಇಮಾಮ್ ಬೀಯ ದನಿ ಏರಲಿಲ್ಲ. ಮಗುವನ್ನು ಸೊಂಟಕ್ಕೆ ಸರಿಮಾಡಿಕೊಂಡಳು. "ನೀನೇ ನಿಮ್ಮತ್ತೆ ಮುಂದೆ ಕೂತು ಒಪ್ಪಿಸು, ಅವರೇ ಬಂದು ಕೊಡು ಅನ್ಲಿ, ಆವತ್ತೇ ಕೊಡ್ತೀನಿ. ಕದ್ದು ಕೊಡೋದು ನಕ್ಕೊ ಬೇಟಾ, ಬೇಡ. ನಾನು ಕೊಡಲ್ಲ."