ಐದು ಮೊಳ

ಕೊನೆಯ ರಿಂಗನ್ನು ಕಂಬಿಗೆ ಸಿಕ್ಕಿಸಿ ಸುಧನ್ವ ಸ್ಟೂಲಿನಿಂದ ಇಳಿಯುವಷ್ಟರಲ್ಲಿ, ಕೆಳಗೆ ನಿಂತಿದ್ದ ಅವನ ಅಕ್ಕ ವೈದೇಹಿ ಫಕ್ಕನೆ ನಕ್ಕಳು.

“ಇದೇನೋ ತಮ್ಮಾ, ಪರದೆ ಹೊಲಿಸಿದ್ಯೋ, ನೆಲಾ ಒರಸೋ ಅರಿವಿ ಹೊಲಿಸಿದ್ಯೋ?”

ನಕ್ಕವಳು ಅಲ್ಲಿಗೇ ಬಾಯಿ ಮುಚ್ಚಿದಳು. ತಮ್ಮನ ಹೆಂಡತಿ ಮನಸ್ವಿನಿ ಹೋಗಿ ಮೂರು ತಿಂಗಳಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಅದೇ ಮೊದಲ ನಗು. ಸುಧನ್ವನಿಗೆ ನಗುವೂ ತಾಗಲಿಲ್ಲ, ಅದು ನಿಂತದ್ದೂ ತಾಗಲಿಲ್ಲ. ಬಾಲ್ಕನಿ ಬಾಗಿಲಿನ ನೀಲಿ ಪರದೆ ಗೇಣಿಗೆ ತುಸು ಕಡಿಮೆ ನೆಲದ ಮೇಲೆ ಬಿದ್ದುಕೊಂಡಿತ್ತು. ಅದನ್ನು ನೋಡುತ್ತ ನಿಂತ.

ಬಟ್ಟೆಯನ್ನು ಸೂರತ್‌ಗೆ ಹೋಗಿ ಮನಸ್ವಿನಿಯೇ ಆರಿಸಿ ತಂದಿದ್ದಳು. ಹೊಲಿಯಲು ಕೊಡುವ ಮೊದಲೇ ಡೆಂಗಿ ಬಂತು. ಐದನೆಯ ದಿನಕ್ಕೆ ಎಲ್ಲ ಮುಗಿಯಿತು. ಮಡಿಕೆಯೊಳಗೆ ಅವಳ ಚೀಟಿ ಸಿಕ್ಕಿತು: ‘ಬಾಲ್ಕನಿ, ರಿಂಗಿನಿಂದ ನೆಲದ ತನಕ ಐದು ಮೊಳ.’ ಪಕ್ಕದ ಗೋರ್ವಾ ಬಡಾವಣೆಯ ದರ್ಜಿ ಕೇತನ್‌ಭಾಯಿ ಇಂಚಿನಲ್ಲಿ ಹೇಳಿ ಎಂದ. ಸುಧನ್ವ ಫೋನಿನಲ್ಲಿ ಹುಡುಕಿದ. ಮೊಳಕ್ಕೆ ಹದಿನೆಂಟು. ಐದಕ್ಕೆ ತೊಂಬತ್ತು. ಹೇಳಿಬಿಟ್ಟ. ಕಾರ್ಖಾನೆಯಲ್ಲಿ ಹಗಲೆಲ್ಲ ಅಳತೆಗೋಲುಗಳನ್ನೇ ಅಳೆದು, ಕೂದಲೆಳೆಯಷ್ಟು ತಪ್ಪಿದ್ದರೂ ಹಿಂದಕ್ಕೆ ಕಳಿಸುವ ಮನುಷ್ಯ ತನ್ನ ಮನೆಯ ಬಾಗಿಲಿಗೆ ಒಂದು ಸಲವೂ ಟೇಪು ಹಿಡಿದಿರಲಿಲ್ಲ.

ಈಗ ಹಿಡಿದ. ಎಂಬತ್ತೆರಡೂವರೆ.

ಐದರಿಂದ ಭಾಗಿಸಿದ. ಹದಿನಾರೂವರೆ.

ಅಂದು ಮನಸ್ವಿನಿ ಸ್ಟೂಲು ಹತ್ತಿ, ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಬಾಗಿಲ ಚೌಕಟ್ಟಿಗೆ ಕೈ ಒತ್ತುತ್ತ ಒತ್ತುತ್ತ ಕೆಳಗಿಳಿದಿದ್ದಳು. ಬಳೆ ಮರಕ್ಕೆ ತಾಗುತ್ತಿತ್ತು.

“ಟೇಪಿಗೇನಾಗೇದ?” ಎಂದು ಇವನು ರೇಗಿಸಿದ್ದ.

“ನಿಮ್ಮ ಟೇಪು ದಿನಾ ಕಳೀತದ. ನನ್ನ ಕೈ ಎಲ್ಲಿ ಹೋಗ್ತದ?”

ಸುಧನ್ವ ಟೇಪನ್ನು ಹದಿನಾರೂವರೆಗೆ ಎಳೆದು, ಗುಂಡಿ ಒತ್ತಿ ನಿಲ್ಲಿಸಿ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ತನ್ನ ಕೈ ಚಾಚಿದ. ಅವನ ಬೆರಳು ಎರಡು ಇಂಚು ಮುಂದೆ ಹೋಗಿತ್ತು.

“ಏನು ಅಳೀಲಿಕ್ಕತ್ತೀ?”

“ಅಕಿ ಕೈ.”

ವೈದೇಹಿ ದರ್ಜಿಗೆ ಫೋನು ಮಾಡಿ, ಚಹಕ್ಕಿಡಲು ಒಳಗೆ ಹೋದಳು. ಚಾಂದ್‌ಖೇಡಾದ ತನ್ನ ಮನೆಗೆ ವಾಪಸು ಹೋಗುವ ಮುಂಚೆ ಒಂದಾದರೂ ಕೆಲಸ ನೆಟ್ಟಗೆ ಮುಗಿಯಲಿ ಎಂಬುದು ಅವಳ ಹಟ.

ಚಹ ಕುದಿಯುವ ಹೊತ್ತಿಗೆ ಕೇತನ್‌ಭಾಯಿ ಕತ್ತರಿ ಸಮೇತ ಬಂದ.

“ಅರೆ ಸಾಹೇಬ್, ತೊಂಬತ್ತು ಅಂದವರು ನೀವೇ! ಹೋಗಲಿ ಬಿಡಿ. ಏಳೂವರೆ ಇಂಚು ಕತ್ತರಿಸಿ ಅಂಚು ಮಡಿಸಿ ಕೊಡ್ತೀನಿ. ಅರ್ಧ ತಾಸು ಸಾಕು. ಮನಸ್ವಿನಿಬೆಹೆನ್ ಆರಿಸಿದ ಬಟ್ಟೆ, ಕೂಲಿ ಏನೂ ಬೇಡ.”

“ಕತ್ತರಿಸಲಿ ಬಿಡೋ,” ಎಂದಳು ವೈದೇಹಿ. “ಕಾಲಿಗೆ ತೊಡರಿ ಬಿದ್ದೀ ಮತ್ತ.”

ಮೊಳಕ್ಕೆ ಒಂದೂವರೆ ಇಂಚು. ಎಲ್ಲರ ಮೊಳಕ್ಕೂ ಅವಳ ಮೊಳಕ್ಕೂ ಇದ್ದ ಅಂತರ ಐದು ಪಟ್ಟಾಗಿ ನೆಲದ ಮೇಲೆ ಮಲಗಿತ್ತು. ಕೇತನ್‌ಭಾಯಿ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಬೇಡ,” ಎಂದ ಸುಧನ್ವ.